ಅವ್ವನ ಸಹಿ

ಸಭೆಗೆ ಬಂದವರಿಗೆ ಒಣಮೀನು, ಕಪ್ಪು ಚಹಾ.
ಅಕ್ಟೋಬರ್ ಮುಗಿಯುತ್ತ ಬಂತು,
ಕುಸ್ಕೋಕ್ವಿಮ್ ನದಿ ಇನ್ನೂ ಗಟ್ಟಿಯಾಗಿಲ್ಲ.
ಪುಟ್ಟ ವಿಮಾನದಿಂದ ಇಳಿದ ಡಾಕ್ಟರಮ್ಮ
ಬೂಟು ಕಳಚಿ, ಕಾಲ್ಚೀಲದಲ್ಲೇ ನಿಂತು ಮಾತಾಡಿದಳು.
ಒಳ್ಳೆಯವಳು. ಎಡಗಾಲಿನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

ಅವಳ ಮಾತನ್ನು ನಮ್ಮ ಮಾತಿಗೆ ದಾಟಿಸುವುದು ಈ ಹೊತ್ತಿನ ನನ್ನ ಕೆಲಸ.
ಉಳಿದ ದಿನ ಬಿ.ಪಿ. ನೋಡುತ್ತೇನೆ,
ಹುಡುಗರ ಬೆರಳಿಂದ ಗಾಳದ ಕೊಕ್ಕೆ ಬಿಡಿಸುತ್ತೇನೆ.
‘ಬಯೋಬ್ಯಾಂಕ್’ ಎಂದಳು.
ನಮ್ಮೂರಲ್ಲಿ ಬ್ಯಾಂಕೇ ಇಲ್ಲ.
ನಾನು ‘ರಕ್ತದ ಹಗೇವು’ ಎಂದೆ.

ಮುದುಕರು ತಲೆದೂಗಿದರು. ಹಗೇವು ಗೊತ್ತು.
ಎಂದೂ ಕರಗದ ಮಣ್ಣನ್ನು ಅಗೆದು
ಸೀಲ್ ಮಾಂಸ, ಬಿಳಿಮೀನು, ಬೇಸಿಗೆಯ ಹಣ್ಣು ಇಟ್ಟವರು.
ವಸ್ಸಿಲಿ ಮಾವ ಕೇಳಿದ:
“ಹೋದ ವರ್ಷ ನನ್ನ ಹಗೇವಿಗೆ ನೀರು ಬಂತು. ನಿಮ್ಮದಕ್ಕೆ?”
“ಬರುವುದಿಲ್ಲ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ.”
“ಕರೆಂಟು ಹೋದರೆ?”
“ಜನರೇಟರ್ ಇದೆ. ಅದು ಕೆಟ್ಟರೆ ಇನ್ನೊಂದು.”
“ಹಾಗಾದರೆ ನನ್ನ ಮೀನನ್ನೂ ಅಲ್ಲೇ ಇಟ್ಟುಬಿಡಿ.”
ಎಲ್ಲ ನಕ್ಕರು. ಡಾಕ್ಟರಮ್ಮನೂ,
ನಾನು ದಾಟಿಸಿದ ಮೇಲೆ, ಸ್ವಲ್ಪ ತಡವಾಗಿ.

ಓಲಿಂಕಾ ನಗಲಿಲ್ಲ.
“ಹಗೇವಿನಲ್ಲಿ ಇಡುವುದು ತಿನ್ನಲಿಕ್ಕೆ.
ನೀವು ಇಟ್ಟದ್ದನ್ನು ತಿನ್ನುವವರು ಯಾರು?”
ಎರಡು ಸಲ ದಾಟಿಸಿದೆ.
ಎರಡು ಸಲವೂ ಪ್ರಶ್ನೆ ಆ ದಡ ಮುಟ್ಟಲಿಲ್ಲ.

ಆಮೇಲೆ ಚೀಲದಿಂದ ಒಂದು ಪಟ್ಟಿ ಬಂತು.
ನಲವತ್ತು ವರ್ಷದ ಹಿಂದೆ, ಕಾಮಾಲೆಯ ಕಾಲದಲ್ಲಿ,
ನಮ್ಮೂರಿನ ತೋಳುಗಳಿಂದ ತೆಗೆದ ರಕ್ತ ಇನ್ನೂ ಇದೆಯಂತೆ.
ಹೊಸ ರೋಗಗಳ ಬಗ್ಗೆ ಅದನ್ನು ಕೇಳಬಹುದಂತೆ.
ಆಗ ಯಾರೂ ಒಪ್ಪಿಗೆ ಪಡೆದ ದಾಖಲೆಯಿಲ್ಲ, ಕ್ಷಮಿಸಿ, ಎಂದಳು.
ಪಡೆದಿದ್ದರೋ ಏನೋ. ನಮ್ಮವರು ಹುಬ್ಬೆತ್ತಿರಬೇಕು,
ಹುಬ್ಬೆತ್ತಿದರೆ ಹೂಂ ಎಂದು ಅರ್ಥ,
ಅದನ್ನು ಯಾವ ಕಾಗದ ಹಿಡಿದೀತು.

ಹದಿನೇಳನೆಯದು ನನ್ನ ಅವ್ವ.
ಒಂದು ಸಂಖ್ಯೆ, ಪಕ್ಕದಲ್ಲಿ ಪೆನ್ಸಿಲ್ಲಿನ ಹೆಸರು, ತಪ್ಪು ತಪ್ಪಾಗಿ.
“ತೀರಿಕೊಂಡವರ ಪರವಾಗಿ ನೀವು ಸಹಿ ಮಾಡಬಹುದು,”
ಪೆನ್ನು ನನ್ನತ್ತ ಚಾಚಿದಳು.

“ತೀರಿಕೊಂಡವರಾ?” ಮಾವ ಸುತ್ತ ನೋಡಿದ.
“ಚಿಕಿಗಾಕ್ ಅಲ್ಲೇ ಕೂತಿದ್ದಾಳಲ್ಲ.”

ಕೂತಿದ್ದಳು. ಒಲೆಯ ಹತ್ತಿರ, ನೆಲದ ಮೇಲೆ,
ನನ್ನ ತಮ್ಮನ ಮಗಳು, ಮುಂದಿನ ಎರಡು ಹಲ್ಲು ಬಿದ್ದವಳು.
ಅವ್ವ ಹೋದ ಚಳಿಗಾಲದಲ್ಲೇ ಹುಟ್ಟಿದಳು,
ಹೆಸರು ದಾರಿ ತಪ್ಪದೆ ಮನೆಗೆ ಬಂತು.
ಅಂದಿನಿಂದ ನಾನವಳನ್ನು ಅವ್ವ ಎನ್ನುತ್ತೇನೆ,
ಜಡೆ ಎಳೆದರೆ ಅವಳು ನನಗೆ ಗದರುತ್ತಾಳೆ, ಮಗಳೇ, ಮೆಲ್ಲಗೆ.
ಮಾವ ಮೊದಲ ಮೀನು ಅವಳಿಗೇ ತಂದುಕೊಡುತ್ತಾನೆ.
ಅವನ ಅಕ್ಕ ಅವಳು,
ಒಡೆದ ಮಂಜಿನೊಳಗಿಂದ ಅವನನ್ನು ಕೂದಲು ಹಿಡಿದು ಎಳೆದವಳು.

ಫಾರಂನಲ್ಲಿ ಇದಕ್ಕೆ ಚೌಕವಿರಲಿಲ್ಲ.
ಡಾಕ್ಟರಮ್ಮ ಮಗುವಿನ ಎದುರು ಮೊಣಕಾಲೂರಿದಳು.
ನಿಜ ಹೇಳಬೇಕು, ಊರಿದಳು, ಕೇಳಿದಳು.
ನಾನು ದಾಟಿಸುವ ಅಗತ್ಯ ಬೀಳಲಿಲ್ಲ,
ಮಗುವಿಗೆ ಎರಡೂ ದಡದಲ್ಲಿ ಈಜು ಬರುತ್ತದೆ.

“ಅದು ನಂದಾ?”
“ಹೌದು. ಹಾಗಂತ ಕಾಣುತ್ತದೆ.”
“ಎಷ್ಟಿದೆ?”
ಅವಳು ಕಿರುಬೆರಳಿನ ತುದಿಗೆಣ್ಣು ತೋರಿಸಿದಳು.
“ಅಲ್ಲಿ ಯಾರಾದರೂ ನೀರು ಕೊಡ್ತಾರಾ?”

ಕೋಣೆಯಲ್ಲಿ ಒಲೆಯೊಂದೇ ಸದ್ದು ಮಾಡಿತು.
ಬೇಟೆಯಾದ ಸೀಲಿನ ಬಾಯಿಗೂ ಸಿಹಿನೀರು ಬಿಡುವವರು ನಾವು,
ಕಡಲಲ್ಲಿದ್ದು ಬಾಯಾರಿರುತ್ತದೆ ಎಂದು.
ಕೊನೆಯ ವಾರ, ಆಂಕರೇಜಿನ ಆಸ್ಪತ್ರೆಯಲ್ಲಿ,
ಮೂಗಿಗೆ ನಳಿಗೆ ಹಾಕಿದ ಅವ್ವ ಅದೊಂದನ್ನೇ ಕೇಳಿದ್ದಳು.
ಕೊಡಬಾರದು ಎಂದಿದ್ದರು.
ನಾನು ಕೊಟ್ಟಿರಲಿಲ್ಲ.
ಇದನ್ನು ಈ ಮಗುವಿಗೆ ಯಾರೂ ಹೇಳಿಲ್ಲ.

ಪೆನ್ನು ಕೆಳಗಿಟ್ಟು ಲೋಟ ತುಂಬಿ ತಂದೆ.
ಅವ್ವ ಗಟಗಟ ಕುಡಿದಳು, ಅಂಗಿಯ ಮೇಲೆಲ್ಲ ಸುರಿಸಿಕೊಂಡು.

ಉಳಿದದ್ದು ನಾಳೆ, ಎಂದ ಮಾವ.
ನಾಳೆ ಮೋಡವಿದ್ದರೆ ವಿಮಾನ ಬರುವುದಿಲ್ಲ, ಇನ್ನೊಂದು ದಿನ ಮಾತಾಡಬಹುದು.
ಡಾಕ್ಟರಮ್ಮ ಫಾರಂ ಮಡಚಿ, ಪಟ್ಟಿ ಮಾತ್ರ ಬಿಡಿಸಿಟ್ಟು,
ಹದಿನೇಳರ ಪಕ್ಕದ ಹೆಸರನ್ನು ಅಳಿಸಿದಳು.
ಹೇಗೆ ಬರೆಯುವುದು, ನೀನೇ ಹೇಳು, ಎಂದಳು.
ಮಗು ಹೇಳಿಕೊಟ್ಟಿತು, ಒಂದೊಂದೇ ಅಕ್ಷರ.
ಮೊದಲನೆಯದು ಹಲ್ಲಿಲ್ಲದ ಜಾಗದಿಂದ
ಬರೀ ಗಾಳಿಯಾಗಿ ಬಂತು.